ಪಿತೃಪಕ್ಷದಲ್ಲಿ ಹೊರಟು ಪಾಂಪೇ ಲಕ್ಷ್ಮಿ ನೋಡ್ಕೊಂಡು ಬಂದ್ವಿ: ರಿಟೈರ್ ಆದೋರ ಗ್ರೀಸ್-ಇಟಲಿ ಗ್ರೂಪ್ ಟೂರು

ನಾನು ಹಾಸನ ಜಿಲ್ಲೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದೋನು. 2025ರ ಸೆಪ್ಟೆಂಬರಲ್ಲಿ ನಾನೂ ನಮ್ಮ ಮನೆಯವರೂ ಒಂದು ಗ್ರೂಪ್ ಟೂರಲ್ಲಿ ಗ್ರೀಸು, ಇಟಲಿ ನೋಡ್ಕೊಂಡು ಬಂದ್ವಿ. ಬಂದಾಗಿಂದ ವಾಕಿಂಗಿಗೆ ಸಿಗೋರು, ಪೆನ್ಷನರ್ಸ್ ಸಂಘದೋರು ಎಲ್ಲರದ್ದೂ ಅದೇ ಪ್ರಶ್ನೆ, ಎಷ್ಟಾಯ್ತು, ವೀಸಾ ಹೆಂಗೆ, ಊಟಕ್ಕೇನ್ ಮಾಡಿದ್ರಿ, ಮಂಡಿ ನೋವಿರೋರು ಹೋಗಬಹುದಾ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಬರೆದು ಹಾಕ್ತಿದೀನಿ. ಉದ್ದ ಆಗುತ್ತೆ, ಬೇಕಾದ ಕಡೆ ಓದ್ಕೊಳ್ಳಿ.

ದುಬೈ, ಸಿಂಗಾಪುರ ಬಿಟ್ಟು ಅಲ್ಲಿಗ್ಯಾಕೆ ಹೋದ್ರಿ ಅಂತ ಕೇಳೋರಿದ್ದಾರೆ. ಚಿತ್ರದುರ್ಗದ ಚಂದ್ರವಳ್ಳೀಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ, ಅಗಸ್ಟಸ್, ಟೈಬೀರಿಯಸ್ ಕಾಲದ್ದು ಅಂತ ನಾನು ವರ್ಷ ವರ್ಷ ಪಾಠ ಮಾಡ್ತಿದ್ದೆ. ಒಂದ್ಸಲ ಒಬ್ಬ ಹುಡುಗ ಎದ್ದು ನಿಂತು, ಅವರ ದುಡ್ಡು ಇಲ್ಲಿಗೆ ಬಂತು ಸರಿ ಸಾರ್, ನಮ್ದೇನು ಅಲ್ಲಿಗೆ ಹೋಯ್ತು ಅಂದ. ಮೆಣಸು, ಹತ್ತಿ ಬಟ್ಟೆ, ಹರಳು ಅಂತ ಹೇಳಿ ಮುಗಿಸಿದೆ. ಆಮೇಲೆ ಒಂದು ಕಡೆ ಓದಿದೆ, ಕ್ರಿ.ಶ. 79ರಲ್ಲಿ ಇಟಲಿಯ ವೆಸುವಿಯಸ್ ಅಗ್ನಿಪರ್ವತದ ಬೂದಿ ಕೆಳಗೆ ಹೂತು ಹೋದ ಪಾಂಪೇ ಊರನ್ನ ಅಗೆಯುವಾಗ 1938ರಲ್ಲಿ ಒಂದು ಮನೇಲಿ ಭಾರತದ ದಂತದ ಬೊಂಬೆ ಸಿಕ್ತು, ಅದಕ್ಕೆ ಪಾಂಪೇ ಲಕ್ಷ್ಮಿ ಅಂತ ಹೆಸರಿಟ್ಟಿದ್ದಾರೆ, ಈಗ ನೇಪಲ್ಸ್ ಮ್ಯೂಸಿಯಂನಲ್ಲಿದೆ ಅಂತ. ಅದನ್ನ ನೋಡ್ಬೇಕು ಅನ್ನೋದು ಆವಾಗಿಂದ ತಲೇಲಿ ಕೂತಿತ್ತು.

ಈಗ ಟೂರ್ ಬುಕ್ ಮಾಡೋ ವಿಷಯ. ಕಂಪನಿ ಹೆಸರು ಹೇಳಲ್ಲ, ಹೆಚ್ಚುಕಮ್ಮಿ ಎಲ್ಲಾ ಒಂದೇ. ಬೆಂಗಳೂರಿನ ಆಫೀಸಲ್ಲಿ ಕಾಫಿ ಕೊಟ್ಟು ಕೂರಿಸಿ ಬಣ್ಣಬಣ್ಣದ ಪುಸ್ತಕ ಕೈಗಿಡ್ತಾರೆ, ಅದರಲ್ಲಿ ಎಲ್ಲಾ ಫೋಟೋನೂ ಇರುತ್ತೆ, ಆದ್ರೆ ಫೋಟೋ ನೋಡಬೇಡಿ, ಐಟಿನರರಿ, ಅಂದ್ರೆ ಯಾವ ದಿನ ಎಲ್ಲಿ ಅನ್ನೋ ಪಟ್ಟಿ, ಅದರ ಪ್ರಿಂಟ್ ತಗೊಂಡು ಮನೇಲಿ ಕೂತು ಕೆಂಪು ಪೆನ್ನು ಹಿಡಿದು ಒಂದೊಂದು ಸಾಲೂ ಓದಿ. ನಾನು ಉತ್ತರ ಪತ್ರಿಕೆ ತಿದ್ದೋ ಥರ ತಿದ್ದಿದೆ. 'ವಿಸಿಟ್' ಅಂತ ಬರೆದಿದ್ರೆ ಒಳಗೆ ಕರ್ಕೊಂಡು ಹೋಗ್ತಾರಾ, ಟಿಕೆಟ್ ಅವರದ್ದಾ ಅಂತ ಕೇಳಿ. 'ಫೋಟೋ ಸ್ಟಾಪ್', 'ಔಟ್‌ಸೈಡ್ ವ್ಯೂ' ಅಂದ್ರೆ ಬಸ್ಸಿಂದ ಇಳಿದು ಎದುರಿಗೆ ನಿಂತು ಫೋಟೋ ತೆಗೆಸ್ಕೊಂಡು ಮತ್ತೆ ಬಸ್ ಹತ್ತೋದು, ಅಷ್ಟೆ. 'ಓರಿಯೆಂಟೇಷನ್ ಟೂರ್' ಅಂದ್ರೆ ಇಳಿಯೋದೂ ಇಲ್ಲ. ನಮ್ಮ ಐಟಿನರರೀಲಿ ಕೊಲೋಸಿಯಂ ಔಟ್‌ಸೈಡ್ ವ್ಯೂ ಇತ್ತು ನೋಡಿ! ಅಲ್ಲಿಗಂಟ ಹೋಗಿ ಹೊರಗಿಂದ ನೋಡೋದಕ್ಕೆ ನಾನ್ಯಾಕೆ ಇಷ್ಟು ದುಡ್ಡು ಕೊಡ್ಲಿ ಅಂದೆ. ಎಕ್ಸ್‌ಟ್ರಾ ಕೊಟ್ರೆ ಒಳಗೂ ಕರ್ಕೊಂಡು ಹೋಗ್ತೀವಿ ಸಾರ್ ಅಂದ್ರು. ಅಲ್ಲಿ ಟಿಕೆಟ್ ಮೇಲೆ ಹೆಸರು ಪ್ರಿಂಟ್ ಆಗಿ ಬರುತ್ತೆ, ಕೊನೇ ಗಳಿಗೇಲಿ ಹೋಗಿ ಕೇಳಿದ್ರೆ ಆಗಲ್ಲ, ಹಂಗಾಗಿ ಬುಕಿಂಗ್ ಟೈಮಲ್ಲೇ ಬರೆಸ್ಕೊಳ್ಳಿ.

ನೇಪಲ್ಸ್ ಮ್ಯೂಸಿಯಂ ಅಂತೂ ಲಿಸ್ಟಲ್ಲೇ ಇರಲಿಲ್ಲ. ಪಾಂಪೇ ಇತ್ತು, ಬೆಳಿಗ್ಗೆ ಹೊತ್ತು ಗೈಡ್ ಜೊತೆ ಎರಡು ಗಂಟೆ ಸುತ್ತಾಟ, ಮಧ್ಯಾಹ್ನ ಊಟ, ಆಮೇಲೆ ಒಂದು ಶಂಖದ ಕೆತ್ತನೆ ಒಡವೆ ಅಂಗಡಿ, ವಾಪಸ್ ರೋಮ್. ಆ ಅಂಗಡಿ ಹೊತ್ತಲ್ಲಿ ನಾವಿಬ್ಬರೂ ಮ್ಯೂಸಿಯಂಗೆ ಹೋಗಿ ನಮ್ಮ ಪಾಡಿಗೆ ರೈಲಲ್ಲಿ ರೋಮಿಗೆ ಬರ್ತೀವಿ ಅಂದಾಗ ಟೂರ್ ಆಫೀಸಿನ ಹುಡುಗಿ ಮ್ಯಾನೇಜರನ್ನ ಕರೆದಳು, ಮ್ಯಾನೇಜರು ಮುಂಬೈಗೆ ಫೋನ್ ಮಾಡಿದ್ರು. ಕೊನೆಗೆ, ಬರೆದು ಕೊಡಿ, ನಿಮ್ಮ ಜವಾಬ್ದಾರಿ ನಿಮ್ದು ಅಂತ ಒಪ್ಪಿದ್ರು. ಇನ್ನೊಂದು ತೊಡಕು, ಆ ಮ್ಯೂಸಿಯಂಗೆ ಮಂಗಳವಾರ ರಜ. ಸೆಪ್ಟೆಂಬರಲ್ಲಿ ಇದ್ದ ಬ್ಯಾಚುಗಳಲ್ಲಿ ಒಂದರಲ್ಲಿ ಪಾಂಪೇ ಮಂಗಳವಾರ ಬರ್ತಿತ್ತು, ಇನ್ನೊಂದರಲ್ಲಿ ಬುಧವಾರ. ಬುಧವಾರದ್ದು ಹಿಡಿದೆ. ಅಲ್ಲಿ ಪಿತೃಪಕ್ಷ ಬಂತು.

ಬ್ಯಾಚ್ ಹೊರಡೋದು ಮಹಾಲಯ ಅಮಾವಾಸ್ಯೆಗೆ ಮುಂಚೆ. ನಮ್ಮ ಅಕ್ಕ ಫೋನಲ್ಲಿ, ಪಕ್ಷಮಾಸದಲ್ಲಿ ಹೊಸಲು ದಾಟ್ತೀಯೇನೋ, ಅಷ್ಟು ದೂರ ಬೇರೆ, ಅಂತ ಶುರು ಮಾಡಿದ್ರು. ಪುರೋಹಿತರನ್ನ ಕೇಳಿ ಅಪ್ಪ ಅಮ್ಮನ ಪಕ್ಷ ಹೊರಡೋಕೆ ಮುಂಚೇನೇ ಮಾಡಿ ಮುಗಿಸಿದ್ವಿ, ಅಕ್ಕ ಸ್ವಲ್ಪ ತಣ್ಣಗಾದ್ರು. ಮನೆಯವರ ತಕರಾರು ಬೇರೆ, ನವರಾತ್ರಿ 22ಕ್ಕೆ ಶುರು, ಗೊಂಬೆ ಯಾರು ಕೂರಿಸ್ತಾರೆ? ಕೊನೇ ಮೂರು ದಿನ ಕೂರಿಸಿದ್ರೂ ಆಗುತ್ತಂತೆ ಅಂತ ಒಪ್ಪಿಸ್ದೆ.

ಪಾಸ್‌ಪೋರ್ಟ್ ಕಥೆ ಕೇಳಿ. ನಂದು ಸಲೀಸಾಗಿ ಆಯ್ತು, ಅಂಚೆ ಕಚೇರೀಲಿರೋ ಪಾಸ್‌ಪೋರ್ಟ್ ಕೇಂದ್ರಕ್ಕೇ ಹೋದ್ವಿ. 60 ದಾಟಿದೋರಿಗೆ ಹೊಸ ಅರ್ಜಿಗೆ ಫೀಸಲ್ಲಿ ಹತ್ತು ಪರ್ಸೆಂಟ್ ಕಮ್ಮಿ, 1500ರ ಬದಲು 1350. ನಮ್ಮ ಮನೆಯವರದ್ದು ಮಾತ್ರ ಇನಿಷಿಯಲ್ ಗೋಳು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ತೌರುಮನೆ ಇನಿಷಿಯಲ್ ಹೆಸರಿನ ಮುಂದೆ, ಆಧಾರಲ್ಲಿ ನನ್ನ ಇನಿಷಿಯಲ್ ಹೆಸರಿನ ಹಿಂದೆ, ಪ್ಯಾನ್ ಕಾರ್ಡಲ್ಲಿ ನನ್ನ ಪೂರ್ತಿ ಹೆಸರನ್ನೇ ಅವಳ ಸರ್‌ನೇಮ್ ಮಾಡಿ ಕೂರಿಸಿದ್ದಾರೆ. ಪಾಸ್‌ಪೋರ್ಟಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೀಬೇಕು. ಮೊದಲು ಆಧಾರ್ ಸರಿ ಮಾಡಿಸಿ, ಮೂರೂ ಹೆಸರು ಒಬ್ಬಳದ್ದೇ ಅಂತ ನೋಟರಿ ಹತ್ರ ಅಫಿಡವಿಟ್ ಮಾಡಿಸಿ, ಆಮೇಲೆ ಅರ್ಜಿ ಹಾಕಿದ್ವಿ. ಸರ್‌ನೇಮ್ ಜಾಗ ಖಾಲಿ ಬಿಡೋದು ಬೇಡ, ಏರ್‌ಲೈನ್ಸ್ ಟಿಕೆಟಲ್ಲಿ ಎರಡೂ ಕೇಳ್ತಾರೆ. ಪೊಲೀಸ್ ವೆರಿಫಿಕೇಷನ್‌ಗೆ ಬಂದವರು ನನ್ನ ಹಳೇ ಶಿಷ್ಯನ ತಮ್ಮ, ಕಾಫಿ ಕುಡಿದು ಹೋದ್ರು.

ವೀಸಾ ಅರ್ಜಿಗೆ ಮುಂಚೆ ಇನ್ನೊಂದು ಬಂತು. ಮನೆಯವರಿಗೆ ಸ್ವಂತ ಆದಾಯ ಇಲ್ಲ, ಖರ್ಚು ನಂದು, ಅಂದ್ಮೇಲೆ ನಾವು ಗಂಡ ಹೆಂಡ್ತಿ ಅನ್ನೋದಕ್ಕೆ ಮ್ಯಾರೇಜ್ ಸರ್ಟಿಫಿಕೇಟ್ ಇದ್ರೆ ಒಳ್ಳೇದು ಅಂದ್ರು ಟೂರ್‌ನೋರು. ನಮ್ಮ ಕಾಲದಲ್ಲಿ ಮದುವೆ ರಿಜಿಸ್ಟರ್ ಮಾಡಿಸ್ತಿದ್ದೋರು ಓಡಿಹೋಗಿ ಮದುವೆ ಆದೋರು ಮಾತ್ರ! ಈಗ ಮೊಮ್ಮಗು ಕೈ ಹಿಡ್ಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದ್ವಿ. ಲಗ್ನಪತ್ರಿಕೆ ಕೇಳ್ತಾರೆ, ಮದುವೆ ಫೋಟೋ ಕೇಳ್ತಾರೆ, ಸಾಕ್ಷಿಗಳು ಬೇಕು. ಲಗ್ನಪತ್ರಿಕೆ ನನ್ನ ಹತ್ರ ಎಲ್ಲಿರುತ್ತೆ, ಆದ್ರೆ ಇವಳು ಟ್ರಂಕಿಂದ ರೇಷ್ಮೆ ಸೀರೆ ಮಡಿಕೆ ಒಳಗಿಂದ ತೆಗೆದಳು, ಅರಿಶಿನದ ಕಲೆ ಇನ್ನೂ ಹಂಗೇ ಇತ್ತು. ಪಕ್ಕದಲ್ಲಿ ರಿಜಿಸ್ಟರ್‌ಗೆ ಬಂದಿದ್ದ ಹೊಸ ಜೋಡಿ ನಮ್ಮನ್ನ ನೋಡಿ ಮುಸಿಮುಸಿ ನಗ್ತಿತ್ತು. ನಿಮ್ಮದೂ ಆಗಿಲ್ಲ ಅಂದ್ರೆ ಟೂರ್ ಇರಲಿ ಬಿಡಲಿ ಮಾಡಿಸಿಟ್ಕೊಳ್ಳಿ, ಫ್ಯಾಮಿಲಿ ಪೆನ್ಷನ್‌ಗೂ ಉಪಯೋಗ.

ಷೆಂಗೆನ್ ವೀಸಾ ಅಂದ್ರೆ ಒಂದೇ ವೀಸಾದಲ್ಲಿ ಯುರೋಪಿನ 29 ದೇಶ ಓಡಾಡಬಹುದು. ಯಾವ ದೇಶದಲ್ಲಿ ಹೆಚ್ಚು ರಾತ್ರಿ ಇರ್ತೀವೋ ಆ ದೇಶಕ್ಕೆ ಅರ್ಜಿ, ಸಮ ಇದ್ರೆ ಮೊದಲು ಕಾಲಿಡೋ ದೇಶಕ್ಕೆ. ನಮ್ಮದು ಗ್ರೀಸಲ್ಲಿ ಇಳಿಯೋದಾದ್ರೂ ಇಟಲೀಲಿ ಜಾಸ್ತಿ ರಾತ್ರಿ, ಹಂಗಾಗಿ ಇಟಲಿ ವೀಸಾ. ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು, ಹದಿನೈದು ದಿನದ ಒಳಗಾದ್ರೆ ತಗೊಳ್ಳಲ್ಲ. ಬೇಸಿಗೇಲಿ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ. ಫೀಸು 90 ಯೂರೋ, ಮೇಲೆ ಸೆಂಟರ್‌ನೋರ ಸರ್ವಿಸ್ ಚಾರ್ಜು, ನಮ್ಮದು ಪ್ಯಾಕೇಜಲ್ಲೇ ಸೇರಿತ್ತು. ನಾನು ಕೊಟ್ಟ ಕಾಗದಗಳು ಇವು, ಬರ್ಕೊಳ್ಳಿ: ಪೆನ್ಷನ್ ಪೇಮೆಂಟ್ ಆರ್ಡರ್ ಕಾಪಿ, ಬ್ಯಾಂಕ್ ಸ್ಟೇಟ್‌ಮೆಂಟ್ ಆರು ತಿಂಗಳದ್ದು ಪ್ರತಿ ಹಾಳೆಗೂ ಬ್ಯಾಂಕಿನ ಸೀಲು ಸಹಿ ಹಾಕಿಸಿ, ಮೂರು ವರ್ಷದ ಐಟಿ ರಿಟರ್ನ್ಸ್, ಎಫ್‌ಡಿ ಸರ್ಟಿಫಿಕೇಟು, ಮ್ಯಾರೇಜ್ ಸರ್ಟಿಫಿಕೇಟು, ಕವರಿಂಗ್ ಲೆಟರ್, ಇನ್ಶೂರೆನ್ಸು. ಪಾಸ್‌ಪೋರ್ಟು ವಾಪಸ್ ಬರೋ ದಿನದಿಂದ ಮುಂದಕ್ಕೆ ಕನಿಷ್ಠ ಮೂರು ತಿಂಗಳು ಚಾಲ್ತೀಲಿರಬೇಕು. ಸ್ಟೇಟ್‌ಮೆಂಟಲ್ಲಿ ವೀಸಾಗೆ ಅಂತ ಹಿಂದಿನ ವಾರ ಮಗನ ಹತ್ರ ಲಕ್ಷಗಟ್ಟಲೆ ಹಾಕಿಸ್ಕೊಳ್ಳೋ ಕೆಲಸ ಮಾಡ್ಬೇಡಿ, ತಿಂಗಳು ತಿಂಗಳು ಪೆನ್ಷನ್ ಬಿದ್ದಿರೋದು ಕಂಡ್ರೆ ಸಾಕು.

ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ವೀಸಾಗೆ ಕನಿಷ್ಠ 30,000 ಯೂರೋ ಮೆಡಿಕಲ್ ಕವರ್ ಇರಲೇಬೇಕು. ನಮ್ಮ ವಯಸ್ಸಿಗೆ ಪ್ರೀಮಿಯಂ ಜಾಸ್ತಿ, ಇಬ್ಬರಿಗೂ ಸೇರಿ ಹತ್ತು ಸಾವಿರದ ಹತ್ರ ಆಯ್ತು. ಏಜೆಂಟ್ ಹುಡುಗ, ಬಿಪಿ ಶುಗರ್ ಇದೆ ಅಂತ ಬರೀಬೇಡಿ ಅಂಕಲ್, ರೇಟ್ ಏರುತ್ತೆ ಅಂದ. ಅಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅವನು ಬರ್ತಾನಾ? ಬರೆಸಿದ್ದೇ ಬರೆಸಿದ್ದು. ನೀವೂ ಬರೆಸಿ.

ವೀಸಾ ಸೆಂಟರಲ್ಲಿ ಟೋಕನ್ ಕೊಟ್ಟು ಕೂರಿಸಿದ್ರು. ಪಕ್ಕದಲ್ಲೇ ಸೋಫಾ, ಬಿಸ್ಕೆಟ್ ಇಟ್ಟಿರೋ ಇನ್ನೊಂದು ರೂಮು, ಅದಕ್ಕೆ ಬೇರೆ ದುಡ್ಡು. ಎಸ್‌ಎಂಎಸ್‌ಗೆ ದುಡ್ಡು, ಕೊರಿಯರ್‌ಗೆ ದುಡ್ಡು. ಊರಿಂದ ತೆಗೆಸ್ಕೊಂಡು ಹೋಗಿದ್ದ ಫೋಟೋದಲ್ಲಿ ಕನ್ನಡಕ ಹೊಳೀತಿದೆ ಅಂತ ವಾಪಸ್ ಕೊಟ್ರು, ಅಲ್ಲೇ ತೆಗೆಸಿದ್ರೆ ಊರಿನ ಮೂರರಷ್ಟು ರೇಟು. (35 ಗುಣಿಸು 45 ಮಿಲಿಮೀಟರ್, ಬಿಳಿ ಹಿನ್ನೆಲೆ, ಕನ್ನಡಕ ತೆಗೆದೇ ತೆಗೆಸಿ.) ಆಮೇಲೆ ಬೆರಳಚ್ಚು. ನಂದು ಬಂತು. ಇವಳದ್ದು ಬರಲೇ ಇಲ್ಲ. ವರ್ಷಗಟ್ಟಲೆ ಪಾತ್ರೆ ತಿಕ್ಕಿ, ಹುಣಸೆಹಣ್ಣು ಕಿವುಚಿ ಬೆರಳ ಗೆರೆ ಸವೆದು ಹೋಗಿದೆ, ರೇಷನ್ ಅಂಗಡೀಲೂ ಇದೇ ಪಾಡು. ಗಾಜಿನ ಮೇಲೆ ನಾಲ್ಕು ಬೆರಳು ಒತ್ತಿ ಹಿಡ್ಕೊಂಡು, ಪರದೆ ಮೇಲೆ ಕೆಂಪು ಬಂದಾಗೆಲ್ಲ ಮುಖ ಸಪ್ಪಗೆ ಮಾಡ್ಕೊಂಡು ನನ್ನ ಕಡೆ ನೋಡ್ತಿದ್ಲು, ಏನೋ ತಪ್ಪು ಮಾಡಿದೋಳ ಥರ. ಕೌಂಟರಲ್ಲಿದ್ದ ಹುಡುಗಿ ಪುಣ್ಯಾತ್ಗಿತ್ತಿ, ಆಂಟಿ ಗಾಬರಿ ಆಗ್ಬೇಡಿ ಅಂತ ಒದ್ದೆ ಟಿಶ್ಯೂಲಿ ಒರೆಸಿ, ಸ್ವಲ್ಪ ಕ್ರೀಮ್ ಹಚ್ಚಿ, ಕೈ ಹಿಡಿದು ಒತ್ತಿ ಕೊನೆಗೂ ತಗೊಂಡಳು. ಮನೇಲಿ ಹೆಂಗಸರಿದ್ರೆ ಒಂದು ವಾರ ಮುಂಚೆಯಿಂದ ರಾತ್ರಿ ಕೈಗೆ ಎಣ್ಣೆ ಹಚ್ಕೊಂಡು ಮಲಗೋಕೆ ಹೇಳಿ, ಅಡುಗೆಮನೆ ಕೆಲಸ ಆ ವಾರ ನೀವೇ ನೋಡ್ಕೊಳ್ಳಿ. ಈ ಬೆರಳಚ್ಚು 59 ತಿಂಗಳು ಇಟ್ಕೊಂಡಿರ್ತಾರೆ, ಅಷ್ಟರೊಳಗೆ ಮತ್ತೆ ಹೋದ್ರೆ ಸಾಮಾನ್ಯವಾಗಿ ಪುನಃ ಕೊಡಬೇಕಿಲ್ಲ.

ಆಮೇಲೆ ಕಾಯೋದು. ಇದೇ ಕಷ್ಟದ ಭಾಗ ನಿಜ ಹೇಳ್ಬೇಕಂದ್ರೆ. ಹದಿನೈದು ದಿನ ಅಂತಾರೆ, 45 ದಿನದವರೆಗೂ ಎಳೀಬಹುದು ಅಂತ ಅವರ ನಿಯಮದಲ್ಲೇ ಇದೆ. ನನ್ನ ಪಾಸ್‌ಪೋರ್ಟು ಸ್ಟಿಕ್ಕರ್ ಅಂಟಿಸ್ಕೊಂಡು ಬಂತು, ಇವಳದ್ದು ಬರಲಿಲ್ಲ. ಗೌರಿ ಗಣೇಶ ಹಬ್ಬ ಕಳೀತು, ಬರಲಿಲ್ಲ. ನೀವೊಬ್ರೇ ಹೋಗ್ಬನ್ನಿ ಅಂತ ಶುರು ಮಾಡಿದ್ಲು, ಸೂಟ್‌ಕೇಸಲ್ಲಿಟ್ಟಿದ್ದ ಸ್ವೆಟರ್ ತೆಗೆದು ಬೀರೂಲಿಟ್ಲು. ಟೂರ್ ಆಫೀಸಿಗೆ ಫೋನ್ ಮಾಡಿದ್ರೆ, ವೀಸಾ ಆಗಲಿಲ್ಲ ಅಂದ್ರೆ ಕ್ಯಾನ್ಸಲೇಷನ್ ನಿಯಮ ಪುಟ ಇಂಥದ್ದು ನೋಡಿ ಸಾರ್ ಅಂದ್ರು, ಅದನ್ನ ನೋಡಿದ್ರೆ ಹೊರಡೋ ದಿನ ಹತ್ರ ಆದಷ್ಟೂ ಹೆಚ್ಚು ದುಡ್ಡು ಮುರ್ಕೊಳ್ತಾರೆ. ಕೊನೆಗೆ ಹೊರಡೋ ಹಿಂದಿನ ವಾರ ಕೊರಿಯರ್ ಬಂತು. ಕವರ್ ಒಡೆಯೋಕೆ ಇವಳು ಬಿಡಲಿಲ್ಲ, ದೇವರ ಮುಂದಿಟ್ಟು ಆಮೇಲೆ ಒಡೆದ್ಲು. ಸ್ವೆಟರ್ ವಾಪಸ್ ಸೂಟ್‌ಕೇಸ್ ಸೇರ್ತು.

ಲಗೇಜು: ಮಾತ್ರೆ ಪೂರ್ತಿ ಹ್ಯಾಂಡ್ ಬ್ಯಾಗಲ್ಲಿ, ಡಾಕ್ಟರ್ ಚೀಟಿ ಸಮೇತ, ಚೀಟೀಲಿ ಔಷಧಿಯ ಮೂಲ ಹೆಸರೂ ಇರಲಿ, ನಮ್ಮ ಕಂಪನಿ ಹೆಸರು ಅಲ್ಲಿ ಯಾರಿಗೂ ಗೊತ್ತಾಗಲ್ಲ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕೋಡುಬಳೆ, ಅವಲಕ್ಕಿ ಒಯ್ದಿದ್ವಿ. ಪೇಡಾ, ತುಪ್ಪ ಬೇಡ, ಹಾಲಿನ ಪದಾರ್ಥ, ಮಾಂಸ ಹೊರಗಿಂದ ತರೋದು ಯುರೋಪಲ್ಲಿ ನಿಷೇಧ. ಮಂಡಿ ನೋವಿದ್ರೆ ವಿಮಾನದೋರಿಗೆ ಎರಡು ದಿನ ಮುಂಚೇನೇ ವೀಲ್‌ಚೇರ್ ಹೇಳಿ, ನಾಚಿಕೆ ಪಡಬೇಡಿ. ಗಲ್ಫಲ್ಲಿ ವಿಮಾನ ಬದಲಾಯಿಸುವಾಗ ಇವಳು ವೀಲ್‌ಚೇರಲ್ಲಿ ಮುಂದೆ ಮುಂದೆ, ನಾನು ಹಿಂದೆ ಓಡ್ತಾ ಓಡ್ತಾ.

ನಮ್ಮ ಗುಂಪಲ್ಲಿ ಹೆಚ್ಚಿನೋರು ಗುಜರಾತಿಗಳು, ಪುಣೆಯೋರು. ಕನ್ನಡದೋರು ಅಂದ್ರೆ ನಾವು, ಮತ್ತೆ ತುಮಕೂರಿನ ಕಡೆಯ ಕೆಇಬಿ ರಿಟೈರ್ಡ್ ಇಂಜಿನಿಯರ್ ದಂಪತಿ. ಎಲ್ಲರಿಗೂ ಕಿವಿಗೆ ಹಾಕ್ಕೊಳ್ಳೋ ಒಂದೊಂದು ಯಂತ್ರ ಕೊಡ್ತಾರೆ, ಗೈಡ್ ಮೆಲ್ಲಗೆ ಮಾತಾಡಿದ್ರೂ ಕೇಳುತ್ತೆ, ಆದ್ರೆ ದೂರ ಹೋದ್ರೆ ಗರ್ ಅನ್ನುತ್ತೆ, ಗರ್ ಅಂದ ಕೂಡ್ಲೆ ಗುಂಪು ಕಳ್ಕೊಂಡ್ವಿ ಅಂತ ಅರ್ಥ.

ಅಥೆನ್ಸಲ್ಲಿ ಅಕ್ರೊಪೊಲಿಸ್‌ಗೆ, ಅಂದ್ರೆ ಹಳೇ ಗುಡಿಗಳಿರೋ ಗುಡ್ಡಕ್ಕೆ, ಈಗ ಗಂಟೆ ಲೆಕ್ಕದ ಟಿಕೆಟ್ಟು, ದಿನಕ್ಕೆ 20,000 ಜನ ಮಾತ್ರ, 30 ಯೂರೋ. ಮೇಲೆ ಅಮೃತಶಿಲೆ ಲಕ್ಷಾಂತರ ಕಾಲು ತುಳಿದು ಗಾಜಿನಂಗೆ ಜಾರುತ್ತೆ, ಒಳ್ಳೇ ಹಿಡಿತದ ಶೂ ಇಲ್ದೆ ಹೋಗ್ಬೇಡಿ. ಉತ್ತರದ ಕಡೆ ಲಿಫ್ಟ್ ಇದೆ, ನಡೆಯೋಕೆ ನಿಜವಾಗ್ಲೂ ಕಷ್ಟ ಇರೋರಿಗೆ ಮಾತ್ರ, ಟೂರ್ ಮ್ಯಾನೇಜರ್‌ಗೆ ಮುಂಚೇನೇ ಹೇಳಬೇಕು. ಅಲ್ಲಿನ ದೊಡ್ಡ ಗುಡಿ ಪಾರ್ಥೆನಾನ್ ಸುತ್ತ ಕಬ್ಬಿಣದ ಸಾರ್ವೆ, ಕ್ರೇನು, ಜೀರ್ಣೋದ್ಧಾರ ಎಷ್ಟೋ ದಶಕದಿಂದ ನಡೀತಾನೇ ಇದೆ. ಅದಕ್ಕಿಂತ ನನಗೆ ಹಿಡಿಸಿದ್ದು ಕೆಳಗಿನ ಮ್ಯೂಸಿಯಂ. ಎರೆಕ್ಥಿಯಾನ್ ಗುಡಿಯ ಚಾವಣಿ ಹೊತ್ತಿದ್ದ ಆರು ಹೆಣ್ಣು ಕಂಬಗಳಲ್ಲಿ ಐದು ಅಲ್ಲಿವೆ, ಆರನೇದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ, 1800ರ ಆಚೀಚೆ ಲಾರ್ಡ್ ಎಲ್ಗಿನ್ ಅನ್ನೋನು ಸಾಗಿಸಿದ್ದು. ಆ ಒಂದು ಜಾಗ ಖಾಲಿ ಬಿಟ್ಟಿದ್ದಾರೆ. ಇವಳು ಹಿಂದಕ್ಕೆ ಹೋಗಿ ಅವುಗಳ ಜಡೆ ನೋಡ್ತಾ ನಿಂತ್ಲು, ಒಬ್ಬೊಬ್ಬಳದ್ದೂ ಬೇರೆ ಬೇರೆ ಹೆಣಿಗೆ. ಆಮೇಲೆ, ಬೇಲೂರಲ್ಲಿ ಶಿಲಾಬಾಲಿಕೆಯರು ಕಂಬದ ಮೇಲೆ ಹಾಯಾಗಿ ಕುಣೀತಿರ್ತಾರೆ, ಇಲ್ಲಿ ಪಾಪ ಚಾವಣಿನೇ ತಲೆ ಮೇಲೆ ಹೊರಿಸ್ಬಿಟ್ಟಿದ್ದಾರಲ್ರೀ ಅಂದ್ಲು. ಗೈಡ್‌ಗೆ ಇಂಗ್ಲಿಷಲ್ಲಿ ಹೇಳಿದೆ, ಆಯಮ್ಮ ಫೋನಲ್ಲಿ ಬೇಲೂರು ಫೋಟೋ ನೋಡಿ ಸ್ಪೆಲ್ಲಿಂಗ್ ಬರ್ಕೊಂಡ್ರು.

ಅಪೋಲೋ ದೇವರ ಹಳೇ ಗುಡಿ ಇರೋ ಡೆಲ್ಫಿ ಬೆಟ್ಟದ ಏರು, ನಿಧಾನಕ್ಕೆ ಹತ್ತಿದ್ರೆ ಆಗುತ್ತೆ. ಮೆಟೆಯೊರಾದಲ್ಲಿ ಬಂಡೆ ತುದೀಲಿ ಮಠಗಳು, ಆರು ಈಗ್ಲೂ ನಡೀತಿವೆ, ದೊಡ್ಡ ಮಠಕ್ಕೆ ಮುನ್ನೂರರ ಹತ್ರ ಮೆಟ್ಲು. ಸೇಂಟ್ ಸ್ಟೀಫನ್ ಅಂತ ಸನ್ಯಾಸಿನಿಯರ ಮಠಕ್ಕೆ ಮಾತ್ರ ಸಣ್ಣ ಸೇತುವೆ ದಾಟಿದ್ರೆ ಸಾಕು, ಮಂಡಿ ನೋವಿನೋರು ಅದನ್ನೇ ಕೇಳಿ. ಹೆಂಗಸರಿಗೆ ಪ್ಯಾಂಟ್ ನಡೆಯಲ್ಲ, ಮೇಲೆ ಬಟ್ಟೆ ಸುತ್ಕೋಬೇಕು. ಸೀರೆ ಉಟ್ಟಿದ್ದ ಇವಳನ್ನ ಬಾಗಿಲಲ್ಲಿದ್ದ ಸನ್ಯಾಸಿನಿ ನೋಡಿ ನಕ್ಕು ಒಳಗೆ ಬಿಟ್ರು.

ರೋಮಿಗೆ ವಿಮಾನದಲ್ಲಿ ಬಂದ ದಿನ ಮಹಾಲಯ ಅಮಾವಾಸ್ಯೆ. ಮಾರನೇ ದಿನ ಸೋಮವಾರ, ಸೆಪ್ಟೆಂಬರ್ 22, ಗಾಜಾ ವಿಷಯಕ್ಕೆ ಇಟಲಿ ಪೂರ್ತಿ ಮುಷ್ಕರ, ಸ್ಟೇಷನ್ ಕಡೆ ಎಲ್ಲಾ ಮೆರವಣಿಗೆ. ನಮ್ಮ ಬಸ್ ಖಾಸಗಿದಾದ್ರೂ ಸುತ್ತಿ ಸುತ್ತಿ ಬಂತು. ನನ್ನ ಚಿಂತೆ ಒಂದೇ, ಬುಧವಾರ ರೈಲು ಓಡುತ್ತೋ ಇಲ್ವೋ. ಹೋಟೆಲ್ ಕೌಂಟರಿನ ಹುಡುಗ, ಇದು ಒಂದೇ ದಿನದ್ದು, ನಮ್ಮಲ್ಲಿ ಸ್ಟ್ರೈಕನ್ನೂ ಮೊದಲೇ ತಾರೀಖು ಹೇಳಿ ಮಾಡ್ತೀವಿ ಅಂದ. ಇಟಲಿಗೆ ಹೋಗೋರು ಈ ಸ್ಟ್ರೈಕ್ ಕ್ಯಾಲೆಂಡರ್ ನೋಡ್ಕೊಂಡೇ ರೈಲು ಬುಕ್ ಮಾಡಿ.

ವ್ಯಾಟಿಕನಲ್ಲಿ ಅದು ಜುಬಿಲಿ ವರ್ಷ, ಅಂದ್ರೆ ಕ್ಯಾಥೊಲಿಕ್ಕರ ಪುಣ್ಯ ವರ್ಷ, ಅಂಥ ವರ್ಷದಲ್ಲಿ ಮಾತ್ರ ತೆಗೆಯೋ ಪವಿತ್ರ ದ್ವಾರ ತೆಗೆದಿದ್ರು, ಜನ ಜಾತ್ರೆ. ಸಿಸ್ಟೀನ್ ಚಾಪೆಲಲ್ಲಿ ಫೋಟೋ ಇಲ್ಲ, ಮಾತಿಲ್ಲ, ಕೂರೋಕೆ ಗೋಡೆ ಪಕ್ಕ ಸ್ವಲ್ಪ ಜಾಗ ಸಿಕ್ಕಿದ್ರೆ ಅದೃಷ್ಟ, ಚಾವಣಿ ಚಿತ್ರ ನೋಡೋಕೆ ತಲೆ ಎತ್ತಿ ಎತ್ತಿ ಕತ್ತು ಹಿಡ್ಕೊಂಡು ಬಿಡುತ್ತೆ. ಭುಜ, ಮಂಡಿ ಮುಚ್ಚಿರಬೇಕು. ಕೊಲೋಸಿಯಂ ಒಳಗೆ ಹೋಗೋಕೆ ನಾವು ದುಡ್ಡು ಕಟ್ಟಿದ್ದೋರು ಹೋದ್ವಿ, ಉಳಿದೋರು ಹೊರಗೆ ಐಸ್‌ಕ್ರೀಮ್ ತಿಂದ್ರು. ಕೆಇಬಿಯೋರು ಹೊರಗೇ ಇದ್ರು, ಅವರಿಗೆ ಬೇಜಾರೂ ಇರಲಿಲ್ಲ ಬಿಡಿ, ಒಬ್ಬೊಬ್ಬರದ್ದು ಒಂದೊಂದು ಆಸೆ.

ಬುಧವಾರ ಪಾಂಪೇ. ಬೀದಿ ಕಲ್ಲಲ್ಲಿ ಗಾಡಿ ಚಕ್ರ ಓಡಿ ಓಡಿ ಬಿದ್ದ ಗೀರು ಈಗ್ಲೂ ಇದೆ, ನೀರು ಹರಿಯುವಾಗ ಜನ ದಾಟೋಕೆ ಅಂತ ನಡುವೆ ಎತ್ತರದ ಕಲ್ಲುಗಳು. ಹಂಪಿ ಬಜಾರಲ್ಲಿ ನಡೆದೋರಿಗೆ ಇದೇನೂ ಹೊಸದು ಅನ್ಸಲ್ಲ, ಆದ್ರೆ ಇಲ್ಲಿ ಬೇಕರಿ, ಹೋಟೆಲ್ಲು, ಅದರ ಕೌಂಟರಿನ ಮಡಕೆ ಗುಂಡಿ ಸಮೇತ ಹಂಗೇ ನಿಂತಿವೆ. ಮುಖ್ಯ ಬೀದಿ ವಿಯಾ ದೆಲ್‌ಅಬೊಂದಾನ್ಸ ಬಂದಾಗ ನಮ್ಮ ಗೈಡನ್ನ, ಲಕ್ಷ್ಮಿ ಸಿಕ್ಕಿದ ಮನೆ ಎಲ್ಲಿ ಅಂತ ಕೇಳಿದೆ. ಇದೇ ರಸ್ತೆಗೆ ಸೇರಿದ್ದು ಅಂತ ಕೈ ತೋರಿಸಿದ್ರು, ಒಳಗೆ ಹೋಗೋ ಟೈಮ್ ಇರಲಿಲ್ಲ.

ಊಟ ಆದ ಮೇಲೆ ಟೂರ್ ಮ್ಯಾನೇಜರ್ ಹುಡುಗ ನನ್ನ ಕೈಲಿ ಕಾಗದಕ್ಕೆ ಸಹಿ ಹಾಕಿಸ್ಕೊಂಡ, ಅಂಕಲ್ ಫೋನ್ ಆಫ್ ಮಾಡ್ಬೇಡಿ ಅಂತ ಹತ್ತು ಸಲ ಹೇಳಿದ. ಪಾಂಪೇ ಪಕ್ಕದಲ್ಲೇ ಲೋಕಲ್ ರೈಲು, ಸರ್ಕುಮ್‌ವೆಸುವಿಯಾನ ಅಂತ, ನೇಪಲ್ಸಿಗೆ ಮುಕ್ಕಾಲು ಗಂಟೆ ಒಳಗೆ. ಎಸಿ ಇಲ್ಲ, ಬೋಗಿ ತುಂಬ ಬಣ್ಣದ ಗೀಚು, ಜೇಬುಗಳ್ಳರಿಗೆ ಹೆಸರುವಾಸಿ. ಪಾಸ್‌ಪೋರ್ಟು ಅಂಗಿ ಒಳಗಿನ ಚೀಲದಲ್ಲಿ, ಇವಳ ಸರ ಮೊದಲೇ ಹೋಟೆಲ್ ಲಾಕರಲ್ಲಿ. ನೇಪಲ್ಸಲ್ಲಿ ಇಳಿದು ಮೆಟ್ರೋಲಿ ಕವೂರ್ ಸ್ಟೇಷನ್, ಅಲ್ಲಿಂದ ನಡೆದು ಮ್ಯೂಸಿಯಂ.

ಲಕ್ಷ್ಮಿ ಇಟ್ಟಿರೋ ಜಾಗ ಯಾವುದು ಗೊತ್ತಾ? 'ಗುಪ್ತ ಕೋಣೆ' ಅಂತ ಕರೀತಾರೆ, ಪಾಂಪೇಲಿ ಸಿಕ್ಕ ಶೃಂಗಾರದ, ಇನ್ನೂ ಬಿಡಿಸಿ ಹೇಳ್ಬೇಕಂದ್ರೆ ಮಕ್ಕಳಿಗೆ ತೋರಿಸೋ ಹಾಗಿಲ್ಲದ ವಸ್ತುಗಳನ್ನೆಲ್ಲ ಒಟ್ಟಿಗೆ ಇಟ್ಟು ಬಹಳ ಕಾಲ ಬೀಗ ಹಾಕಿದ್ದ ಕೋಣೆ, 2000ದಲ್ಲಿ ಸಾರ್ವಜನಿಕರಿಗೆ ತೆಗೆದ್ರು. ಇವಳು ಸೆರಗು ಹೊದ್ದು ಬಾಗಿಲು ದಾಟಿದೋಳು ಎಡಕ್ಕೆ ನೋಡಿ ನಿಂತ್ಲು, ಬಲಕ್ಕೆ ನೋಡಿ ನನ್ನ ತೋಳು ಹಿಡಿದ್ಲು. ಇದೇನ್ರೀ, ನವರಾತ್ರೀಲಿ ಲಕ್ಷ್ಮಿ ತೋರಿಸ್ತೀನಿ ಅಂತ ಎಲ್ಲಿಗ್ರೀ ಕರ್ಕೊಂಡು ಬಂದಿದೀರ! ನಾನು ಪಾಠದ ದನೀಲಿ ಅದೆಲ್ಲ ದೃಷ್ಟಿ ಆಗದೇ ಇರಲಿ ಅಂತ ಮನೆ ಬಾಗಿಲಿಗೆ ಕಟ್ತಿದ್ರು ಕಣೇ ಅಂತ ಶುರು ಮಾಡಿದೆ, ಸಾಕು ನಡೀರಿ ಅಂದ್ಲು.

ಗಾಜಿನ ಒಳಗೆ ಅವಳು. ಒಂದು ಗೇಣಿಗಿಂತ ಚೂರು ಎತ್ತರ, ಸುಮಾರು 24 ಸೆಂಟಿಮೀಟರ್. ದಂತ ಬೆಳ್ಳಗಿಲ್ಲ, ಹಳೇ ಕಾಗದದ ಬಣ್ಣಕ್ಕೆ ತಿರುಗಿದೆ. ಕಾಲು ಅಡ್ಡ ಹಾಕಿ ನಿಂತಿದ್ದಾಳೆ, ಎರಡೂ ಪಕ್ಕ ಪುಟ್ಟ ಪುಟ್ಟ ದಾಸಿಯರು ಅಲಂಕಾರದ ಡಬ್ಬಿ ಹಿಡ್ಕೊಂಡಿದ್ದಾರೆ. ಕೈತುಂಬ ಬಳೆ, ಕಾಲಿಗೆ ಮೀನಖಂಡದವರೆಗೂ ಕಡಗ, ಸೊಂಟದಲ್ಲಿ ಡಾಬು. ತಲೆ ಮೇಲಿಂದ ಒಂದು ತೂತು ಕೊರೆದಿದ್ದಾರೆ, ಕನ್ನಡಿಯ ಹಿಡಿಕೆಯೋ, ಪೀಠೋಪಕರಣದ ಕಾಲೋ ಇದ್ದಿರಬೇಕು ಅಂತಾರೆ. ಬುಡದಲ್ಲಿ ಖರೋಷ್ಠಿ ಅನ್ನೋ ವಾಯವ್ಯ ಭಾರತದ ಹಳೇ ಲಿಪಿಯ ಅಕ್ಷರ ಇದೆ. ಈ ಬೊಂಬೆ ಲಕ್ಷ್ಮಿ ಅಲ್ಲ, ಯಕ್ಷಿ ಅನ್ನೋ ವಿದ್ವಾಂಸರೇ ಜಾಸ್ತಿ, ಇಂಥದ್ದೇ ದಂತದ ಬೊಂಬೆ ಮಹಾರಾಷ್ಟ್ರದ ಭೋಕರ್ದನ್, ತೇರ್‌ಗಳಲ್ಲೂ ಸಿಕ್ಕಿವೆ. ನಮ್ಮ ಮನೆಯವರು ಅದ್ಯಾವುದೂ ಕೇಳಿಸ್ಕೊಳ್ಳಲಿಲ್ಲ, ಗಾಜಿಗೆ ಮೂಗು ತಾಗೋ ಹಾಗೆ ಬಗ್ಗಿ, ಬಳೆ ನೋಡ್ರೀ, ಲಂಬಾಣಿ ಹೆಂಗಸರು ಹಾಕ್ಕೊಳ್ತಾರಲ್ಲ, ಮೊಣಕೈ ತನಕ, ಹಂಗೇ ಇದೆ ಅಂದ್ಲು. ಕಾವಲಿಗಿದ್ದೋರು ಬಂದು ಗಾಜಿಂದ ಸ್ವಲ್ಪ ದೂರ ನಿಲ್ಲಿ ಅಂತ ಸನ್ನೆ ಮಾಡೋವರೆಗೂ ಅಲ್ಲೇ ಇದ್ವಿ. ನಿಮ್ಮ ದೇಶನಾ ಅಂತ ಆಯಪ್ಪ ಕೈಸನ್ನೇಲೇ ಕೇಳಿದ್ರು, ಹೌದು ಅಂತ ಇವಳೇ ತಲೆ ಆಡಿಸಿದ್ಲು.

ನೇಪಲ್ಸಿಂದ ರೋಮಿಗೆ ಸ್ಪೀಡ್ ಟ್ರೈನ್ ಒಂದು ಗಂಟೆ ಚಿಲ್ಲರೆ. ಊಟದ ಹೊತ್ತಿಗೆ ಗುಂಪು ಸೇರ್ಕೊಂಡ್ವಿ, ದಿನಾ ರಾತ್ರಿಯ ಪನೀರು, ದಾಲ್, ಜೀರಾ ರೈಸು. ಚಟ್ನಿಪುಡಿ ಡಬ್ಬ ಅಷ್ಟೊತ್ತಿಗೆ ಗುಜರಾತಿಗಳ ಟೇಬಲಿಗೂ ಹೋಗಿ ಬರ್ತಿತ್ತು.

ಫ್ಲಾರೆನ್ಸ್, ವೆನಿಸ್ ಬಗ್ಗೆ ಎಲ್ರೂ ಬರೀತಾರೆ, ನಾನೇನು ಹೇಳ್ಲಿ. ಫ್ಲಾರೆನ್ಸಲ್ಲಿ ಮೈಕೆಲಾಂಜೆಲೊ ಕೆತ್ತಿದ ಡೇವಿಡ್ ವಿಗ್ರಹ 5.17 ಮೀಟರ್, ನಮ್ಮ ಗೊಮ್ಮಟನ ಮುಂದೆ ಚಿಕ್ಕದು ಅಂತ ಕೆಇಬಿಯೋರು ಅಂದ್ರು, ನಿಜ, ಆದ್ರೆ ಆ ಕೈಮೇಲಿನ ನರ ನೋಡಿದ ಮೇಲೆ ಅವರೂ ಸುಮ್ಮನಾದ್ರು. ವೆನಿಸಲ್ಲಿ ಪ್ರತಿ ಕಾಲುವೆಗೂ ಮೆಟ್ಟಿಲ ಸೇತುವೆ, ಟ್ರಾಲಿ ಸೂಟ್‌ಕೇಸು ಎಳೆಯೋದು ಶಿಕ್ಷೆ, ಹೋಟೆಲ್ ದ್ವೀಪದ ಒಳಗಾ ಹೊರಗಾ ಅಂತ ಕೇಳ್ಕೊಳ್ಳಿ.

ಖರ್ಚು: ಪ್ಯಾಕೇಜು ಇಬ್ಬರಿಗೂ ಸೇರಿ 7,70,000. ಅದರ ಮೇಲೆ ಟಿಸಿಎಸ್, ಅಂದ್ರೆ ಟೂರ್ ಕಂಪನಿಯೋರೇ ಮುಂಚೆ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟೋ ಆದಾಯ ತೆರಿಗೆ, 5 ಪರ್ಸೆಂಟ್, 38,500 ಬೇರೆ ಕಟ್ಟಿಸ್ಕೊಂಡ್ರು (ನಾವು ಹೋದಾಗ ವರ್ಷಕ್ಕೆ ಹತ್ತು ಲಕ್ಷದವರೆಗೆ 5, ಅದರ ಮೇಲಿನದಕ್ಕೆ 20 ಪರ್ಸೆಂಟ್ ಇತ್ತು, ಈಗಿನ ರೇಟ್ ವಿಚಾರಿಸ್ಕೊಳ್ಳಿ). ಇದು ಹೋಗೋ ದುಡ್ಡಲ್ಲ, ರಿಟರ್ನ್ಸ್ ಹಾಕಿದಾಗ ತೆರಿಗೇಲಿ ವಜಾ ಆಗುತ್ತೆ ಇಲ್ಲ ವಾಪಸ್ ಬರುತ್ತೆ. ಅದಕ್ಕೆ ರಿಟರ್ನ್ಸ್ ಹಾಕೋರ ಪ್ಯಾನಲ್ಲೇ ಬುಕ್ ಮಾಡಿ, ಮನೆಯವರ ಪ್ಯಾನ್ ಕೊಟ್ರೆ ಅವರೂ ರಿಟರ್ನ್ಸ್ ಹಾಕ್ಬೇಕಾಗುತ್ತೆ. ಕೈಖರ್ಚಿಗೆ ಯೂರೋ ತುಂಬಿಸ್ಕೊಂಡು ಹೋಗೋ ಫಾರೆಕ್ಸ್ ಕಾರ್ಡು, ಸ್ವಲ್ಪ ನಗದು, ಆವಾಗ ಯೂರೋ ನೂರು ರೂಪಾಯಿ ದಾಟಿತ್ತು. ಹೋಟೆಲಲ್ಲಿ ಊರ ತೆರಿಗೆ ಅಂತ ತಲೆಗಿಷ್ಟು ಬೇರೆ ತಗೊಳ್ತಾರೆ, ಡ್ರೈವರ್, ಮ್ಯಾನೇಜರ್‌ಗೆ ದಿನದ ಲೆಕ್ಕದಲ್ಲಿ ಟಿಪ್ಸು, ಹೈವೇಲಿ ಟಾಯ್ಲೆಟ್‌ಗೂ ಚಿಲ್ಲರೆ ಇಟ್ಕೊಂಡಿರಿ. ಬಿಪಿ ಮಾತ್ರೆ ಜೊತೆ ನೀರು ಜಾಸ್ತಿ ಕುಡಿಯೋ ನಮ್ಮಂಥೋರಿಗೆ ಅದೇ ಒಂದು ಬಾಬ್ತು.

ಇನ್ನೊಂದು, ಪೆನ್ಷನ್‌ದಾರರು ನವೆಂಬರಲ್ಲಿ ಟೂರ್ ಇಟ್ಕೋಬೇಡಿ, ಜೀವನ ಪ್ರಮಾಣ ಪತ್ರ ಕೊಡೋ ತಿಂಗಳು. ಟಿಸಿಎಸ್ ನನ್ನ 26ಎಎಸ್‌ನಲ್ಲಿ (ನಮ್ಮ ಪ್ಯಾನ್ ಹೆಸರಲ್ಲಿ ಕಟ್ಟಿರೋ ತೆರಿಗೆ ವಿವರದ ಪಟ್ಟಿ) ಬಂದಿದ್ಯಾ ಅಂತ ಆಡಿಟರ್ ಹುಡುಗನ ಹತ್ರ ನೋಡಿಸಿದೀನಿ, ಬಂದಿದೆ, ಜುಲೈಲಿ ರಿಟರ್ನ್ಸ್ ಹಾಕ್ಬೇಕು. ಇನಿಷಿಯಲ್ ಅಫಿಡವಿಟ್ ನಮೂನೆ, ವೀಸಾ ಕವರಿಂಗ್ ಲೆಟರ್ ಎರಡೂ ಟೈಪ್ ಮಾಡಿದ್ದು ನನ್ನ ಹತ್ರ ಇದೆ, ಬೇಕಾದೋರು ಕೇಳಿ, ಕಳಿಸ್ತೀನಿ.